ಏಳನೇ ಬೆಡ್ ಅಂದರೆ ಯಾರು?

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಡ್ಯೂಟಿ ಬದಲಾಗುವಾಗ ನಮ್ಮ ವಾರ್ಡಿನಲ್ಲಿ 'ಏಳು ಶುಗರ್, ಒಂಬತ್ತು ಡಿಸ್ಚಾರ್ಜ್' ಅಂತ ಟೇಬಲ್ ಹತ್ತಿರವೇ ಹೇಳಿ ಹೊರಟುಬಿಡುತ್ತಾರೆ. ಒಂದೇ ಹೆಸರಿನವರು ಇಬ್ಬರಿದ್ದರಂತೂ ನನಗೆ ಎದೆ ಡವಡವ. ಏನು ಮಾಡಲಿ ಅಕ್ಕಾ?
– ಓದುಗಿ, ಮಂಡ್ಯ

ಉತ್ತರ: ಆ ಡವಡವ ಇರಲಿ ಬಿಡು ತಂಗಿ, ಒಳ್ಳೆಯದೇ. ನಾನು ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದು. 'ಏಳು, ಜಯಮ್ಮ, ಊಟಕ್ಕೆ ಮುಂಚೆ ಇನ್ಸುಲಿನ್' ಅಂತ ಬರೆದುಕೊಂಡೆ. ಕಿಟಕಿ ಗಾಳಿ ಚಳಿ ಅಂತ ಜಯಮ್ಮ ಸಂಜೆಯೇ ಬೆಡ್ ಬದಲಾಯಿಸಿದ್ದು ಯಾರೂ ಹೇಳಿರಲಿಲ್ಲ. ಏಳರಲ್ಲಿ ಮಲಗಿದ್ದ ಅಜ್ಜಿಯನ್ನು 'ಜಯಮ್ಮ ಅಲ್ವಾ?' ಅಂದೆ. 'ಹ್ಞೂಂ ಮಗಾ' ಅಂತ ತೋಳು ಚಾಚಿದರು. ಕಿವಿ ಮಂದ, ಏನು ಕೇಳಿದರೂ ಹ್ಞೂಂ! ಮುದ್ದೆ ಕಿವುಚುತ್ತಿದ್ದ ಮೊಮ್ಮಗಳು ತಲೆಯೆತ್ತಿ, 'ನಮ್ಮಜ್ಜಿ ನಿಂಗಮ್ಮ, ಶುಗರ್ರೇ ಇಲ್ವಲ್ಲ' ಅಂದಳು. ಶುಗರ್ ಇಲ್ಲದವರಿಗೆ ಇನ್ಸುಲಿನ್ ಹೋದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. ಸಿರಿಂಜ್ ಹಿಡಿದ ನನ್ನ ಕೈ ಆವತ್ತು ಬೆವರಿದ್ದು ಇನ್ನೂ ನೆನಪಿದೆ.

ಅಂದಿನಿಂದ 'ಅಲ್ವಾ?' ಅಂತ ಕೇಳುವುದನ್ನೇ ಬಿಟ್ಟೆ. 'ನಿಮ್ಮ ಹೆಸರು ಹೇಳಿ ಅಮ್ಮ' ಅನ್ನು. ಅವರ ಬಾಯಿಂದಲೇ ಬರಲಿ. ಬೆಡ್ ನಂಬರ್ ಮಂಚದ್ದು, ಮನುಷ್ಯರದ್ದಲ್ಲ. ಕನಿಷ್ಠ ಎರಡು ಗುರುತು ತಾಳೆ ನೋಡಿ, ರೂಮ್ ನಂಬರ್ ಅದರಲ್ಲಿ ಸೇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಹೊರದೇಶಗಳಲ್ಲಿ ಹೆಸರಿನ ಜೊತೆ ಹುಟ್ಟಿದ ತಾರೀಖು ನೋಡುತ್ತಾರೆ. ನಮ್ಮ ಕಡೆ ಎಷ್ಟೋ ಹಿರಿಯರ ಆಧಾರ್‌ನಲ್ಲಿ ಎಲ್ಲರೂ ಜನವರಿ 1ಕ್ಕೇ ಹುಟ್ಟಿದವರು! ಹಾಗಾಗಿ ಹೆಸರು, ಜೊತೆಗೆ ಐಪಿ ನಂಬರ್, ಅಂದರೆ ಅಡ್ಮಿಟ್ ಆದಾಗ ಆಸ್ಪತ್ರೆ ಕೊಡುವ ನಂಬರ್. ಹೆಸರು ಒಂದೇ ಆದರೆ 'ಕೋಂ' ಯಾರು, ಅಂದರೆ ಗಂಡನ ಹೆಸರೇನು, ಯಾವ ಊರು ಅಂತಲೂ ಕೇಳು.

ಹೋಗುವವರು, ಬರುವವರು ಇಬ್ಬರೂ ಬೆಡ್ ಹತ್ತಿರ ನಿಲ್ಲಬೇಕು. ಒಬ್ಬರು ಕೇಸ್ ಶೀಟ್ ನಂಬರ್ ಓದಲಿ, ಇನ್ನೊಬ್ಬರು ರೋಗಿಯ ಕೈಗೆ ಕಟ್ಟಿದ ಗುರುತಿನ ಪಟ್ಟಿ ನೋಡಲಿ. ಡ್ರಿಪ್ ಹಾಕುವಾಗ ಪಟ್ಟಿ ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ, ಆಗಲೇ ಹೊಸದು ಕಟ್ಟಿಸು. ಮಾತಾಡಲಾಗದವರಿದ್ದರೆ ಮನೆಯವರನ್ನು ಕೇಳಿ, ಪಟ್ಟಿಯನ್ನೂ ನೋಡು. ಒಂದೇ ಹೆಸರಿನವರನ್ನು ಅಕ್ಕಪಕ್ಕ ಮಲಗಿಸಬೇಡಿ. ಇಬ್ಬರ ಕೇಸ್ ಶೀಟ್ ಮೇಲೂ 'ಇದೇ ಹೆಸರಿನ ಇನ್ನೊಬ್ಬರಿದ್ದಾರೆ' ಅಂತ ಕೆಂಪಗೆ ದೊಡ್ಡದಾಗಿ ಬರೆ.

ಸೀನಿಯರ್ ಸಿಸ್ಟರ್ 'ಬಸ್ ಹೋಗುತ್ತೆ ಕಣೆ' ಅಂತ ಗೊಣಗುತ್ತಾರೆ, ಗೊತ್ತು. ನಾನೂ ಗೊಣಗಿದವಳೇ. ಜಗಳ ಬೇಡ. 'ಬನ್ನಿ ಅಕ್ಕ, ಒಂದು ಸುತ್ತು' ಅಂತ ಎದ್ದು ನಡೆ. ಡ್ಯೂಟಿ ವಹಿಸಿಕೊಂಡೆ ಅಂತ ಬರೆಯುವ ಚಾರ್ಜ್ ಪುಸ್ತಕಕ್ಕೆ ಸಹಿ ಮಾತ್ರ ಆ ಸುತ್ತು ಮುಗಿದ ಮೇಲೇ ಹಾಕು.