ಅಮೆರಿಕದಲ್ಲಿ ಸಂಬಳ ಜಾಸ್ತಿ, ಹಾಗಿದ್ದರೂ ಕೆಲವರು ಯುರೋಪೇ ವಾಸಿ ಅನ್ನುವುದು ಯಾಕೆ?

ಯುರೋಪ್ ಒಂದೇ ದೇಶ ಅಲ್ವಲ್ಲ, ಹಾಗಾಗಿ ಜರ್ಮನಿಯನ್ನು ತೆಗೆದುಕೊಳ್ಳುತ್ತೇನೆ.

ಕೈಗೆ ಬರುವ ದುಡ್ಡಿನಲ್ಲಿ ಅಮೆರಿಕವೇ ಮುಂದು, ಸಾಫ್ಟ್‌ವೇರ್ ಕೆಲಸದಲ್ಲಂತೂ ತುಂಬಾ. ಜರ್ಮನಿಯಲ್ಲಿ ತೆರಿಗೆ, ವಿಮೆ, ಪಿಂಚಣಿ ಅಂತ ಸಂಬಳದ ದೊಡ್ಡ ಪಾಲು ಮೊದಲೇ ಕಡಿತವಾಗುತ್ತದೆ. ಆದರೆ ಅದು ಸುಮ್ನೆ ಹೋಗುವುದಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆರೋಗ್ಯ ವಿಮೆ. ಅಮೆರಿಕದಲ್ಲಿ ಕೋಟ್ಯಂತರ ಜನರಿಗೆ ವಿಮೆ ಬರುವುದು ಕಂಪನಿಯಿಂದ. ಕೆಲಸ ಹೋದರೆ, ಮಗುವಿಗೆ ಜ್ವರ ಬಂದಾಗಲೂ ಮೊದಲು ಬಿಲ್ಲಿನ ಯೋಚನೆ. ಜರ್ಮನಿಯಲ್ಲಿ ಕೆಲಸ ಹೋದರೂ ವಿಮೆ ಮುಂದುವರಿಯುತ್ತದೆ. ಕಾರ್ಮಿಕರಿಗೆ ಅಲ್ಲಿ ಈ ವಿಮೆ ಶುರುವಾಗಿದ್ದು 1883ರಲ್ಲಿ!

ಜರ್ಮನಿಯಲ್ಲಿ ಹೆರಿಗೆಗೆ ಮುಂಚೆ 6 ವಾರ, ಆಮೇಲೆ 8 ವಾರ ಸಂಬಳದ ಸಮೇತ ರಜೆ ಇದೆ. ಅಮೆರಿಕದ 1993ರ ಕಾನೂನು ಕೊಡುವುದು 12 ವಾರ. ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗೂ ಅಲ್ಲ. ಕೆಲವು ರಾಜ್ಯಗಳು ಮಾತ್ರ ಸಂಬಳವನ್ನೂ ಕೊಡಿಸುತ್ತವೆ.

ಜರ್ಮನಿಯಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಬಂದ್. ಶನಿವಾರ ಸಂಜೆಯೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಬೇಕು. ಬೆಂಗಳೂರಿನಿಂದ ಹೋದವರಿಗೆ ಮೊದಮೊದಲು ಇದು ಕಷ್ಟವೇ. ಆದರೆ ಅಂಗಡಿಯಲ್ಲಿ ದುಡಿಯುವವರಿಗೂ ಆ ದಿನ ರಜೆ ಸಿಗುತ್ತದೆ, ಅಲ್ವಾ?