‘ಕಾಟೇರ’ ಎಲ್ಲಿ ಸ್ವಾಮಿ? – ಸಂಪಾದಕರ ಉತ್ತರ

ಡಿಸೆಂಬರ್ ಸಂಚಿಕೆಯಲ್ಲಿ 2023ರ ಹತ್ತು ಮೆಚ್ಚಿನ ಕನ್ನಡ ಸಿನಿಮಾಗಳ ಪಟ್ಟಿ ಹಾಕಿದ್ದೆವು. ಅದನ್ನು ಓದಿ ದಾವಣಗೆರೆ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅವರ ದೂರು ಇಷ್ಟು. ‘ಕಾಟೇರ’ ಯಾಕಿಲ್ಲ? ‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ ಸೇರಿ ಒಂದೇ ಕಥೆ, ಹಾಗಿರುವಾಗ ಸೈಡ್ ಎ ಒಂದನೇ ಸ್ಥಾನದಲ್ಲಿ, ಸೈಡ್ ಬಿ ಎಂಟನೇ ಸ್ಥಾನದಲ್ಲಿ ಯಾಕೆ? ತಮ್ಮ ಊರಿನ ಥಿಯೇಟರ್‌ಗೆ ಬರದೇ ಇದ್ದ ‘ಆಚಾರ್ ಅಂಡ್ ಕೋ’ ಮೂರನೇ ಸ್ಥಾನದಲ್ಲಿ ಹೇಗೆ? ಜೊತೆಗೆ, 2022ರ ಮುಂದೆ 2023 ತೀರಾ ಸಪ್ಪೆ, ಒಪ್ಪಿಕೊಳ್ಳಿ ಅಂತ ಸವಾಲು ಬೇರೆ. ಕೊನೆಯಲ್ಲಿ ಅವರದ್ದೇ ಪಟ್ಟಿ ಇದೆ. ಕಾಟೇರ, ಸಲಾರ್, ಸಪ್ತ ಸಾಗರ (ಎರಡೂ ಸೇರಿ ಒಂದು), ಹಾಸ್ಟೆಲ್ ಹುಡುಗರು, ಘೋಸ್ಟ್, ಜೈಲರ್, ಟೋಬಿ, ಟಗರು ಪಲ್ಯ, ಕೌಸಲ್ಯಾ ಸುಪ್ರಜಾ ರಾಮ, ಗುರುದೇವ್ ಹೊಯ್ಸಳ. ಇದೇ ಕ್ರಮದಲ್ಲಿ ಅಚ್ಚು ಹಾಕಬೇಕಂತೆ, ಒಂದು ಸ್ಥಾನವೂ ಅದಲು ಬದಲು ಆಗಬಾರದಂತೆ.

ಮಾನ್ಯರೇ, ಇಷ್ಟು ಜಗಳ ಮಾಡುವ ಓದುಗರು ಸಿಕ್ಕಿದ್ದೇ ಖುಷಿ. ಈಗ ನಾನೂ ಸ್ವಲ್ಪ ಜಗಳ ಮಾಡುತ್ತೇನೆ.

ಕಾಟೇರದ ವಿಷಯ ಮೊದಲು ಮುಗಿಸೋಣ, ಯಾಕಂದ್ರೆ ಪತ್ರದ ಅರ್ಧ ಸಿಟ್ಟು ಅಲ್ಲೇ ಇದೆ. ಆ ಸಿನಿಮಾ ಬಿಡುಗಡೆ ಆಗಿದ್ದು ಡಿಸೆಂಬರ್ 29ಕ್ಕೆ. ನಮ್ಮ ಸಂಚಿಕೆ ಅಷ್ಟರಲ್ಲಿ ನಿಮ್ಮ ಕೈ ಸೇರಿತ್ತು. ನೋಡದ ಸಿನಿಮಾಕ್ಕೆ ಸ್ಥಾನ ಕೊಡೋದು ಹೇಗೆ ಹೇಳಿ? ವರ್ಷದ ಕೊನೇ ವಾರ ಬರುವ ಸಿನಿಮಾಗಳ ಹಣೆಬರಹವೇ ಇದು: ಈ ವರ್ಷದ ಪಟ್ಟಿಗೆ ತಡವಾಗಿರುತ್ತವೆ, ಮುಂದಿನ ವರ್ಷದ ಪಟ್ಟಿ ಬರೆಯುವ ಹೊತ್ತಿಗೆ ಎಲ್ಲರಿಗೂ ಹಳತಾಗಿರುತ್ತವೆ. ‘ಸ್ಟಾರ್ ಅಂದ್ರೆ ನಿಮಗೆ ಅಲರ್ಜಿ’ ಅಂತ ಬರೆದಿದ್ದೀರಿ. ಅಲರ್ಜಿ ಏನಿಲ್ಲ, ಕ್ಯಾಲೆಂಡರ್ ಅಷ್ಟೇ.

ಈಗ ನೋಡಿ ಆಗಿದೆ, ಹಾಗಾಗಿ ಹೇಳಬಹುದು. ನನ್ನ ಪಟ್ಟಿಯಲ್ಲಿ ಕಾಟೇರಕ್ಕೆ ನಾಲ್ಕನೇ ಸ್ಥಾನ. ದೊಡ್ಡ ಸ್ಟಾರ್ ಇಟ್ಟುಕೊಂಡು ಉಳುವವನೇ ಹೊಲದೊಡೆಯ ಅನ್ನೋ ಕಾಲದ ಕಥೆ ಹೇಳೋದು ಸಣ್ಣ ಮಾತಲ್ಲ. ನಮ್ಮ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸು ಕಾಲದಲ್ಲಿ. ಉಳುವ ಹೊಲ ತಮ್ಮದಾಗಬೇಕು ಅಂದ್ರೆ ಗೇಣಿದಾರರು ಡಿಕ್ಲರೇಷನ್ ಹಾಕಬೇಕಿತ್ತು, ಭೂ ನ್ಯಾಯಮಂಡಳಿ ಮುಂದೆ ನಿಂತು ಈ ಹೊಲ ಉಳ್ತಿರೋದು ನಾನೇ ಅಂತ ಹೇಳಬೇಕಿತ್ತು. ಧಣಿಯ ಎದುರಿಗೆ ಒಂದು ಅರ್ಜಿ ಕೊಡೋದಕ್ಕೆ ಎಷ್ಟು ಗುಂಡಿಗೆ ಬೇಕಿತ್ತು ಅನ್ನೋದನ್ನು ಹಳ್ಳಿ ಮನೆಗಳಲ್ಲಿ ಹಿರಿಯರು ಇವತ್ತಿಗೂ ಹೇಳ್ತಾರೆ. ನಿರ್ದೇಶಕ ತರುಣ್ ಸುಧೀರ್ ಈ ಭಯವನ್ನು ಕಮರ್ಷಿಯಲ್ ಸಿನಿಮಾದ ಒಳಗೆ ತಂದರು, ಕುಲುಮೆಯಲ್ಲಿ ಮಚ್ಚು ಬಡಿಯುವವನನ್ನು ಹೀರೊ ಮಾಡಿದರು. ಸಂಭಾಷಣೆ ಬರೆದ ಮಾಸ್ತಿಯವರ ಮಾತುಗಳು ಚುರುಕಾಗಿವೆ. ಇಷ್ಟೆಲ್ಲ ಇದ್ದೂ ಒಂದನೇ ಸ್ಥಾನ ಯಾಕಿಲ್ಲ ಅಂದ್ರೆ, ಊರಿನ ಕಥೆ ಬಿಗಿಯಾಗುತ್ತಿರುವಾಗಲೆಲ್ಲ ಒಂದು ಹೊಡೆದಾಟ ಬಂದು ಆ ಭಯವನ್ನೇ ಓಡಿಸಿಬಿಡುತ್ತದೆ. ಅರ್ಜಿ ಕೊಡೋಕೆ ಹೆದರುವ ಊರಲ್ಲಿ ಹತ್ತು ಜನರನ್ನು ಒಬ್ಬನೇ ಎತ್ತಿ ಬಿಸಾಕುವವನು ಇದ್ದರೆ ಹೆದರಿಕೆಗೆ ಅರ್ಥ ಏನು? ಮೂರು ಗಂಟೆಯಲ್ಲಿ ಅರ್ಧ ಗಂಟೆ ಹಾಗೆ ಹೋಯಿತು ಅಂತ ನನಗೆ ಅನ್ನಿಸಿತು. ನಿಮಗೆ ಆ ಅರ್ಧ ಗಂಟೆಯೇ ಇಷ್ಟವಾಗಿರಬಹುದು. ಅದೂ ಸರಿಯೇ.

ಸಲಾರ್ ಮತ್ತು ಜೈಲರ್‌ಗೆ ಮಾತ್ರ ನಾನು ಒಪ್ಪೋದಿಲ್ಲ. ಸಲಾರ್ ನಿರ್ದೇಶಕರು ಪ್ರಶಾಂತ್ ನೀಲ್, ನಿರ್ಮಾಣ ಹೊಂಬಾಳೆ, ಕ್ಯಾಮೆರಾ ಭುವನ್ ಗೌಡ, ಸಂಗೀತ ರವಿ ಬಸ್ರೂರು, ಎಲ್ಲರೂ ನಮ್ಮವರೇ. ನಿಜ. ಆದರೆ ತೆಗೆದಿದ್ದು ತೆಲುಗಲ್ಲಿ, ನೀವು ನೋಡಿದ್ದು ಡಬ್ಬಿಂಗ್. ಇನ್ನೂ ಒಂದು ಮಾತು. ಆ ಇಬ್ಬರು ಗೆಳೆಯರ ಕಥೆಯ ಬೇರನ್ನು ನಾವು 2014ರಲ್ಲೇ ‘ಉಗ್ರಂ’ನಲ್ಲಿ ಕನ್ನಡದಲ್ಲೇ ನೋಡಿದ್ದೇವೆ, ಅದೂ ಶ್ರೀಮುರಳಿ ಜೊತೆ. ಇದಕ್ಕಿಂತ ತೀರಾ ಕಡಿಮೆ ದುಡ್ಡಲ್ಲಿ, ಇದಕ್ಕಿಂತ ಬಿಗಿಯಾಗಿ. ಇನ್ನು ಜೈಲರ್. ರಜನಿ ಸಿನಿಮಾ, ತಮಿಳು ಸಿನಿಮಾ, ಅದರಲ್ಲಿ ಶಿವಣ್ಣ ಬರುವುದು ಕೆಲವೇ ನಿಮಿಷ. ಆ ನಿಮಿಷಗಳಿಗೆ ಥಿಯೇಟರ್ ಎದ್ದು ಕುಣಿಯಿತು, ನಾನೂ ಕೂತಲ್ಲೇ ಶಿಳ್ಳೆ ಹೊಡೆದವನೇ. ಆದರೂ ಶಿಳ್ಳೆಗೆ ಕನ್ನಡ ಸಿನಿಮಾ ಪಟ್ಟಿಯ ಆರನೇ ಸ್ಥಾನ ಕೊಡೋಕಾಗಲ್ಲ. ಅದೇ ಶಿವಣ್ಣನ ‘ಘೋಸ್ಟ್’ ಹೇಗೂ ಐದರಲ್ಲಿ ಇಟ್ಟಿದ್ದೀರಲ್ಲ, ಅಷ್ಟು ಸಾಕು. ಘೋಸ್ಟ್ ಪಾಪ ದಸರಾ ಹೊತ್ತಿಗೆ, ಅಕ್ಟೋಬರ್ 19ಕ್ಕೆ, ತಮಿಳಿನ ‘ಲಿಯೋ’ ಬಂದ ದಿನವೇ ಬಂತು. ಬೆಂಗಳೂರಲ್ಲಿ ಅವತ್ತು ನಮ್ಮ ಸಿನಿಮಾಕ್ಕೇ ಸ್ಕ್ರೀನ್‌ಗೆ ಜಗಳ. ಆ ಸಿಟ್ಟಿಗೆ ನೀವು ಅದನ್ನು ಐದಕ್ಕೆ ಏರಿಸಿದ್ದರೆ ನನಗೆ ಅರ್ಥವಾಗುತ್ತದೆ.

ಸೈಡ್ ಎ, ಸೈಡ್ ಬಿ ವಿಷಯ. ಕಥೆ ಒಂದೇ ಅನ್ನೋದು ಸರಿ. ಆದರೆ ನಾವು ಟಿಕೆಟ್ ಕೊಂಡಿದ್ದು ಎರಡು ಸಲ. ಸೆಪ್ಟೆಂಬರ್ 1ಕ್ಕೆ ಒಂದು, ನವೆಂಬರ್ 17ಕ್ಕೆ ಇನ್ನೊಂದು. ನಡುವೆ ಹನ್ನೊಂದು ವಾರ ಕಾಯಿಸಿದರು. ಆ ಹನ್ನೊಂದು ವಾರದಲ್ಲಿ ನಮ್ಮ ತಲೆಯೊಳಗೆ ನಾವೇ ಒಂದು ಸೈಡ್ ಬಿ ತೆಗೆದು ಮುಗಿಸಿದ್ದೆವು. ನಿರ್ದೇಶಕ ಹೇಮಂತ್ ರಾವ್ ಪೈಪೋಟಿ ಮಾಡಬೇಕಿದ್ದುದು ಅದರ ಜೊತೆ.

ಸೈಡ್ ಎ ನನಗೆ ಯಾಕೆ ಒಂದನೇ ಸ್ಥಾನ ಅಂತ ಹೇಳಿಬಿಡ್ತೀನಿ. ಮನು ಕಾರು ಓಡಿಸುವ ಹುಡುಗ. ಪ್ರಿಯಾಳಿಗೆ ಸಮುದ್ರ ಕಾಣುವ ಮನೆ ಬೇಕು. ಆ ಮನೆಯ ಆಸೆಗೆ ಅವನು ತಾನು ಮಾಡದ ಅಪಘಾತದ ತಪ್ಪನ್ನು ತಲೆ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ, ಸ್ವಲ್ಪ ದಿನದಲ್ಲಿ ಬಿಡಿಸಿಬಿಡ್ತೀವಿ ಅನ್ನೋ ಸಾಹುಕಾರರ ಮಾತು ನಂಬಿ. ಮುಂದಿನದೆಲ್ಲ ಕಾಯುವುದು. ಇಲ್ಲಿ ಗಮನಿಸಿ, ಬೇರೆ ಸಿನಿಮಾ ಆಗಿದ್ದರೆ ಹೀರೊ ಜೈಲು ಸೇರಿದ ಹತ್ತು ನಿಮಿಷಕ್ಕೆ ಸೇಡು ಶುರುವಾಗುತ್ತಿತ್ತು. ಇಲ್ಲಿ ಶುರುವಾಗೋದು ಭೇಟಿಯ ಸರದಿ, ವಕೀಲರ ಓಡಾಟ, ಖಾಲಿಯಾಗುವ ಪರ್ಸು. ಜಾಲರಿಯ ಆಚೆ ಪ್ರಿಯಾ ಆಗಿ ನಿಂತ ರುಕ್ಮಿಣಿ ವಸಂತ್ ಮುಖ ನೆನಪು ಮಾಡಿಕೊಳ್ಳಿ. ಮೊದಲ ಭೇಟಿಗಳಲ್ಲಿ ಧೈರ್ಯ ಹೇಳುವವಳು ಅವಳೇ. ಬರುಬರುತ್ತಾ ಅದೇ ನಗು ಇರುತ್ತದೆ, ಆದರೆ ಕಣ್ಣು ಅದರ ಜೊತೆ ನಗೋದಿಲ್ಲ. ಹುಡುಗ ಜೈಲಲ್ಲಿ ಇರುವ ಕಥೆಯಲ್ಲಿ ಹುಡುಗಿ ಎಷ್ಟು ದಣಿಯುತ್ತಾಳೆ ಅಂತ ಇಷ್ಟು ಹೊತ್ತು ನಿಂತು ನೋಡಿದ ಕನ್ನಡ ಸಿನಿಮಾ ನನಗೆ ಬೇರೆ ನೆನಪಾಗುತ್ತಿಲ್ಲ. ಅದ್ವೈತ ಗುರುಮೂರ್ತಿ ಕ್ಯಾಮೆರಾದ ಆ ನೀಲಿ, ಚರಣ್ ರಾಜ್ ಸಂಗೀತ ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯಲ್ಲ.

ಸೈಡ್ ಬಿಯಲ್ಲೂ ಒಳ್ಳೆಯದು ಬೇಕಾದಷ್ಟಿದೆ. ಚೈತ್ರಾ ಜೆ. ಆಚಾರ್ ಮಾಡಿದ ಸುರಭಿ ಪಾತ್ರಕ್ಕೆ ನಾನು ಪ್ರತ್ಯೇಕ ಬಹುಮಾನ ಕೊಡಬಲ್ಲೆ. ಆದರೆ ಮನು ಹೊರಗೆ ಬಂದು, ಮದುವೆಯಾದ ಪ್ರಿಯಾಳ ಸಂಸಾರವನ್ನು ಮರೆಯಲ್ಲಿ ನಿಂತು ನೋಡುತ್ತಾ ಹೋಗುವಾಗ ಸಿನಿಮಾ ಅವನ ಕಣ್ಣಿಗೇ ಅಂಟಿಕೊಂಡುಬಿಟ್ಟಿತು. ಪ್ರಿಯಾ ಮತ್ತೆ ದೂರ ಆದಳು. ಕೊನೆಗೆ ಮೊದಲ ಭಾಗ ತಪ್ಪಿಸಿಕೊಂಡಿದ್ದ ಸೇಡು ಬಂದೇ ಬಂತು. ಅದಕ್ಕೇ ಎಂಟು. ಎರಡನ್ನೂ ಸೇರಿಸಿ ಸರಾಸರಿ ಮಾಡಿದರೆ ಸೈಡ್ ಎಗೆ ಅನ್ಯಾಯ, ಸೈಡ್ ಬಿಗೆ ಪುಕ್ಕಟೆ ಮಾರ್ಕ್ಸು. ಪರೀಕ್ಷೆ ಬೇರೆ ಬೇರೆ ಬರೆದವರಿಗೆ ಅಂಕಪಟ್ಟಿಯೂ ಬೇರೆ ಬೇರೆ ಅಲ್ವಾ?

ಈಗ ನಿಮ್ಮ ಪಟ್ಟಿಯ ಬಗ್ಗೆ ನನ್ನ ದೊಡ್ಡ ತಕರಾರು. ಹತ್ತರಲ್ಲಿ ಒಂಬತ್ತು ಸಿನಿಮಾ ಜುಲೈನಿಂದ ಈಚೆಗೆ ಬಂದವು. ಮಾರ್ಚ್ 30ರ ಹೊಯ್ಸಳ ಒಂದೇ ಅದಕ್ಕೆ ಮುಂಚಿನದು. ಹಾಗಾದರೆ ಜನವರಿಯಿಂದ ಜೂನ್‌ವರೆಗೆ ಏನೂ ಬರಲಿಲ್ಲವಾ? ಬಂತು. ಜನವರಿ 12ಕ್ಕೇ ‘ಆರ್ಕೆಸ್ಟ್ರಾ ಮೈಸೂರು’ ಬಂತು. ಪೂರ್ಣಚಂದ್ರ ಮೈಸೂರು ನಟನೆ, ರಘು ದೀಕ್ಷಿತ್ ಹಾಡುಗಳು, ಮೈಸೂರಿನ ಗಲ್ಲಿಗಳ ಆರ್ಕೆಸ್ಟ್ರಾ ಹುಡುಗರು. ಸ್ಟೇಜ್ ಮೇಲೆ ಹತ್ತಬೇಕು ಅನ್ನೋ ಒಂದೇ ಆಸೆಯ ಸಿನಿಮಾ. ಮಾರ್ಚ್ 3ಕ್ಕೆ ಮಂಸೋರೆಯವರ ‘19.20.21’. ದಕ್ಷಿಣ ಕನ್ನಡದ ಮಲೆಕುಡಿಯ ಯುವಕನೊಬ್ಬನ ಮೇಲೆ ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆ ಹಾಕಿದ ನಿಜವಾದ ಪ್ರಕರಣದ ಮೇಲೆ ಮಾಡಿದ್ದು, ಹೆಸರು ಸಂವಿಧಾನದ ಮೂರು ವಿಧಿಗಳದ್ದು. ಸುಲಭದ ಸಿನಿಮಾ ಅಲ್ಲ, ನೋಡಿ ಹೊರಗೆ ಬಂದಾಗ ಕಾಫಿ ಕುಡಿಯೋಕೂ ಮನಸ್ಸಾಗಲ್ಲ. ಅದು ನನ್ನ ಪಟ್ಟಿಯಲ್ಲಿ ಆರು.

ಮತ್ತೆ ‘ಡೇರ್‌ಡೆವಿಲ್ ಮುಸ್ತಾಫಾ’! ಇದನ್ನು ನೀವು ಬಿಟ್ಟಿದ್ದು ಮಾತ್ರ ನನಗೆ ನಿಜಕ್ಕೂ ಬೇಜಾರು. ಮೇ 19ಕ್ಕೆ ಬಂತು. ಪೂರ್ಣಚಂದ್ರ ತೇಜಸ್ವಿಯವರ ಸಣ್ಣ ಕಥೆ, ಅದಕ್ಕೆ ದುಡ್ಡು ಹಾಕಿದವರು ತೇಜಸ್ವಿ ಓದುಗರೇ, ನೂರರಷ್ಟು ಜನ ಸೇರಿ. ನಿರ್ದೇಶಕ ಶಶಾಂಕ್ ಸೋಗಾಲ್‌ಗೆ ಮೊದಲ ಸಿನಿಮಾ. ಕಾಲೇಜಿಗೆ ಬಂದು ಸೇರುವ ಒಬ್ಬ ಮುಸ್ಲಿಂ ಹುಡುಗ, ಅವನನ್ನು ಕಂಡರೆ ಏನೋ ಭಯ, ಏನೋ ಕುತೂಹಲ, ಏನೋ ಹೊಟ್ಟೆಕಿಚ್ಚು ಪಡುವ ಉಳಿದ ಹುಡುಗರು, ಕೊನೆಗೆ ಒಂದು ಕ್ರಿಕೆಟ್ ಮ್ಯಾಚು. ಇವತ್ತಿನ ದಿನದಲ್ಲಿ ಈ ಕಥೆಯನ್ನು ಉಪದೇಶ ಮಾಡದೆ ಹೇಳೋದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ. ಅವರು ಬರೀ ನಗಿಸುತ್ತಲೇ ಹೇಳಿದರು. ನನಗೆ ಎರಡನೇ ಸ್ಥಾನ, ಒಂದೊಂದು ದಿನ ಒಂದನೆಯದು ಅಂತಲೂ ಅನ್ನಿಸುತ್ತದೆ.

ನಿಮ್ಮ ಮರೆವು ಅಂತ ಹೇಳ್ತಿಲ್ಲ. ಜನವರಿಯಲ್ಲಿ ಪಟ್ಟಿ ಮಾಡೋಕೆ ಕೂತರೆ ಎಲ್ಲರಿಗೂ ಅಕ್ಟೋಬರ್‌ನಿಂದ ಈಚೆಗಿನದ್ದೇ ನೆನಪಿಗೆ ಬರುತ್ತದೆ. ಅದಲ್ಲದೆ ವರ್ಷಕ್ಕೆ ಇನ್ನೂರರ ಆಸುಪಾಸು ಕನ್ನಡ ಸಿನಿಮಾ ಬಂದರೆ ಯಾರು ಎಷ್ಟು ಅಂತ ನೋಡ್ತಾರೆ? ಜುಲೈ ಕೊನೆಯ ಒಂದು ವಾರ ತಗೊಳ್ಳಿ. 21ನೇ ತಾರೀಖು ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’, ಅದೇ ದಿನ ಹಾಲಿವುಡ್‌ನಿಂದ ‘ಓಪನ್‌ಹೈಮರ್’ ಮತ್ತು ‘ಬಾರ್ಬಿ’. 28ಕ್ಕೆ ‘ಕೌಸಲ್ಯಾ ಸುಪ್ರಜಾ ರಾಮ’ ಮತ್ತು ‘ಆಚಾರ್ ಅಂಡ್ ಕೋ’ ಎರಡೂ ಒಟ್ಟಿಗೆ. ಸಂಬಳದವರು ಒಂದು ವಾರದಲ್ಲಿ ಮನೆ ಮಂದಿಗೆಲ್ಲ ಎಷ್ಟು ಟಿಕೆಟ್ ಕೊಳ್ಳೋಕಾಗುತ್ತೆ? ಹಾಸ್ಟೆಲ್ ಹುಡುಗರು ಗೆದ್ದರು, ಗೆಲ್ಲಬೇಕಾದ್ದೇ. ಒಂದೇ ರಾತ್ರಿ, ಸತ್ತು ಬಿದ್ದ ವಾರ್ಡನ್, ಕೈಯಲ್ಲೇ ಓಡುವ ಕ್ಯಾಮೆರಾ, ಹೊಸ ಹುಡುಗರ ಗಲಾಟೆ. ಕೌಸಲ್ಯಾ ಕೂಡ ಜನರನ್ನು ಕರೆಯಿತು. ನಡುವೆ ಸಿಕ್ಕಿಕೊಂಡಿದ್ದು ಆಚಾರ್.

ಅದು ನಿಮ್ಮ ಊರಿಗೆ ಬರಲಿಲ್ಲ ಅಂತ ಬರೆದಿದ್ದೀರಿ. ಬರದೇ ಇದ್ದುದು ಸಿನಿಮಾದ ತಪ್ಪಾ? ಸಿಂಧು ಶ್ರೀನಿವಾಸಮೂರ್ತಿ ತಾವೇ ಬರೆದು, ನಿರ್ದೇಶಿಸಿ, ಸುಮಾ ಪಾತ್ರವನ್ನೂ ಮಾಡಿದ್ದಾರೆ. ಅರವತ್ತರ ದಶಕದ ಬೆಂಗಳೂರು, ತುಂಬಿದ ಮನೆ, ಮದುವೆಯಾಗಿ ಲಂಡನ್‌ಗೆ ಹೋಗಬೇಕು ಅನ್ನೋ ಹುಡುಗಿ. ಪುನೀತ್ ಕಟ್ಟಿದ ಪಿಆರ್‌ಕೆ ಸಂಸ್ಥೆಯ ನಿರ್ಮಾಣ, ಬಿಂದುಮಾಲಿನಿ ಸಂಗೀತ. ಜೋರು ಅನ್ನೋದೇ ಇಲ್ಲದ ಸಿನಿಮಾ. ನಮ್ಮ ಅತ್ತೆ, ಚಿಕ್ಕಮ್ಮಂದಿರ ಕಾಲದ ಮನೆಗಳಲ್ಲಿ ಹೆಣ್ಣುಮಕ್ಕಳ ದುಡಿಮೆಗೆ ಲೆಕ್ಕವೇ ಇರಲಿಲ್ಲ ಅನ್ನೋದನ್ನು ಯಾರ ಮೇಲೂ ಕೂಗಾಡದೆ ತೋರಿಸಿತು. ಪ್ರೈಮ್‌ನಲ್ಲಿದೆ. ಈ ಭಾನುವಾರ ಮನೆಯವರ ಜೊತೆ ಕೂತು ನೋಡಿ, ಆಮೇಲೆ ಮೂರನೇ ಸ್ಥಾನಕ್ಕೆ ಬೈಯಿರಿ.

2022ರ ಮುಂದೆ ಸಪ್ಪೆ ಅನ್ನೋ ಮಾತಿಗೆ ಬರ್ತೀನಿ. ಕೆಜಿಎಫ್ 2, ಚಾರ್ಲಿ, ವಿಕ್ರಾಂತ್ ರೋಣ, ಕಾಂತಾರ ಒಂದೇ ವರ್ಷದಲ್ಲಿ ಬಂದರೆ ಅದರ ಮುಂದಿನ ವರ್ಷದ ಗತಿ ಏನು! ಇಡೀ ದೇಶ ನಮ್ಮ ಕಡೆ ತಿರುಗಿ ನೋಡಿತ್ತು, 2023ರಲ್ಲಿ ಹಾಗೆ ತಿರುಗಿಸಿದ್ದು ಒಂದೂ ಇಲ್ಲ. ಪ್ರಯತ್ನ ಪಟ್ಟಿದ್ದು ಇತ್ತು. ಮಾರ್ಚ್ 17ಕ್ಕೆ ಬಂದ ‘ಕಬ್ಜ’ದಲ್ಲಿ ಉಪೇಂದ್ರ, ಸುದೀಪ್, ಶಿವಣ್ಣ ಮೂವರೂ ಇದ್ದರು. ಮಸಿ ಬಳಿದಂಥ ಕೆಜಿಎಫ್‌ನ ಅದೇ ಕಪ್ಪು ಬಣ್ಣ, ಅದೇ ಗುಡುಗು. ನೀವೂ ಅದನ್ನು ನಿಮ್ಮ ಪಟ್ಟಿಗೆ ಸೇರಿಸಿಲ್ಲ, ನಮ್ಮಿಬ್ಬರಿಗೂ ಇದರಲ್ಲಿ ಜಗಳವಿಲ್ಲ. ಆದರೆ ದೇವರ ಹರಕೆಗೆ ಕಡಿಯಲು ತಂದ ಟಗರು ಮೈ ಒದರಲಿಲ್ಲ (ಒದರಿದರೆ ದೇವರು ಒಪ್ಪಿದ ಅಂತ ನಂಬಿಕೆ) ಅನ್ನೋದನ್ನೇ ಹಿಡಿದು ಇಡೀ ಸಿನಿಮಾ ಮಾಡಿದ ವರ್ಷವೂ ಇದೇ. ‘ಟಗರು ಪಲ್ಯ’ದಲ್ಲಿ ತೀರ್ಥ ಹಾಕಿ ಹಾಕಿ ಸುಸ್ತಾದ ನೆಂಟರು, ಬಿಸಿಲು, ಹಸಿವು, ಹಳೇ ಮನಸ್ತಾಪ ಒಂದೊಂದಾಗಿ ಹೊರಗೆ ಬರೋದು, ನಡುವೆ ಏನೂ ಗೊತ್ತಿಲ್ಲದಂತೆ ನಿಂತ ಆ ಪ್ರಾಣಿ. ಆ ಟಗರಿನ ಮುಖವೇ ನನಗೆ ಈ ವರ್ಷದ ಒಳ್ಳೆ ನಟನೆ ಅಂದರೆ ತಮಾಷೆ ಅಂದುಕೊಳ್ಳಬೇಡಿ. ಇಂಥದ್ದು ಹೊರ ರಾಜ್ಯದಲ್ಲಿ ಓಡಲ್ಲ. ಓಡಬೇಕಾಗೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಇದು ಎಂಟು, ನನ್ನದರಲ್ಲಿ ಏಳು. ಇಲ್ಲಿ ನಾವು ಕೈ ಕುಲುಕಬಹುದು.

ಕೊನೆಗೆ ಕಲೆಕ್ಷನ್ ಬಗ್ಗೆ. ಜನ ದುಡ್ಡು ಕೊಟ್ಟಿದ್ದೇ ನಿಜವಾದ ತೀರ್ಪು ಅಂದಿದ್ದೀರಿ. ಹಾಗಾದರೆ ನೀವು ಪಟ್ಟಿ ಬರೆಯೋದೇ ಬೇಡ, ಗಲ್ಲಾಪೆಟ್ಟಿಗೆಯವರು ಆಗಲೇ ಬರೆದಿಟ್ಟಿರುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ ಸಾಲು ಬೇರೆಯೇ ಇತ್ತು. ಟೋಬಿಯನ್ನು ಏಳಕ್ಕೆ ಇಟ್ಟು, ‘ಗೆಳೆಯರಿಗೆ ಯಾರಿಗೂ ಹಿಡಿಸಲಿಲ್ಲ, ನನಗೆ ಹಿಡಿಸಿತು, ಹಾಗಾಗಿ ಇದೆ’ ಅಂತ ಬರೆದಿದ್ದೀರಿ ನೋಡಿ, ಅಲ್ಲಿ ನೀವು ಸಿಕ್ಕಿದಿರಿ. ರಾಜ್ ಬಿ. ಶೆಟ್ಟಿ ಮಾತೇ ಆಡದೆ ಅಷ್ಟು ಹೊತ್ತು ನಿಂತಿದ್ದು ನಿಮಗೆ ಯಾಕೆ ಹಿಡಿಸಿತು ಅಂತ ಇನ್ನೂ ನಾಲ್ಕು ಸಾಲು ಬರೆದಿದ್ದರೆ ನಾನು ನನ್ನ ಪಟ್ಟಿಯನ್ನೇ ತಿದ್ದುತ್ತಿದ್ದೆನೋ ಏನೋ. ಅವರದ್ದೇ ‘ಸ್ವಾತಿ ಮುತ್ತಿನ ಮಳೆ ಹನಿಯೇ’ ನೋಡಿದಿರಾ? ನವೆಂಬರ್ 24ಕ್ಕೆ ಬಂತು. ಸಾಯುವವರನ್ನು ನೋಡಿಕೊಳ್ಳುವ ಹಾಸ್ಪೈಸ್, ಸಿರಿ ರವಿಕುಮಾರ್, ಸುಮ್ನೆ ಕೂತು ಮಾತಾಡುವ ಇಬ್ಬರು. ಟೋಬಿ ಹಿಡಿಸಿದವರಿಗೆ ಇದು ಇನ್ನೂ ಜಾಸ್ತಿ ಹಿಡಿಸುತ್ತದೆ ಅನ್ನೋದು ನನ್ನ ಅಂದಾಜು.

ನಿಮ್ಮ ಪಟ್ಟಿ ಫೆಬ್ರವರಿ ಸಂಚಿಕೆಯಲ್ಲಿ ನಿಮ್ಮ ಕ್ರಮದಲ್ಲೇ ಬರುತ್ತದೆ, ಕಾಟೇರ ತಲೆ ಮೇಲೆಯೇ ಇರುತ್ತದೆ. ಸಲಾರ್ ಮತ್ತು ಜೈಲರ್ ಎರಡು ಮಾತ್ರ ತೆಗೆದಿದ್ದೇನೆ, ಎರಡು ಸ್ಥಾನ ಖಾಲಿ ಇವೆ. ಜನವರಿಯಿಂದ ಜೂನ್‌ವರೆಗಿನ ಯಾವುದಾದರೂ ಎರಡು ಕನ್ನಡ ಸಿನಿಮಾ ನೋಡಿ, ಹೆಸರು ಬರೆದು 25ನೇ ತಾರೀಖಿನ ಒಳಗೆ ಕಳಿಸಿ. ಟೋಬಿ ಬಗ್ಗೆ ಆ ನಾಲ್ಕು ಸಾಲನ್ನೂ ಜೊತೆಗೆ ಹಾಕಿ.

– ಸಂ.