ಚಿತ್ರವಿದ್ದರೂ ರೋಹಿತ ಏಕೆ ಬೇಕು?

ಮಾನ್ಯರೇ,

ತಾರೆಗಳು ಹುಟ್ಟುವ ಅನಿಲ, ಧೂಳಿನ ಬೃಹತ್ ಮೋಡವಾದ ಟರಾಂಟುಲಾ ನೀಹಾರಿಕೆಯ ಲೇಖನವನ್ನು ಓದಿ ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಬಾಹ್ಯಾಕಾಶ ದೂರದರ್ಶಕಗಳು ಅಲ್ಲಿನ ತಾರೆಗಳನ್ನು ಅಷ್ಟು ಸ್ಫುಟವಾಗಿ ಚಿತ್ರಿಸಿರುವಾಗ ಒಂದೊಂದರ ಬೆಳಕನ್ನೂ ಬಣ್ಣಬಣ್ಣವಾಗಿ ಬಿಡಿಸಿ ರೋಹಿತ ಪಡೆಯುವ ಶ್ರಮ ಏಕೆ? ಪಡೆಯಲೇಬೇಕೆಂದರೂ ಮಾದರಿಗೆ ಹತ್ತಿಪ್ಪತ್ತು ತಾರೆಗಳು ಸಾಲದೆ, ವಿಎಫ್‌ಟಿಎಸ್ ಎಂಬ ಸಮೀಕ್ಷೆಯಲ್ಲಿ ಸುಮಾರು 800 ಏಕೆ?

ಮೊದಲನೆಯದಕ್ಕೆ ಉತ್ತರ ಆ ತಾರೆಗಳ ಉಷ್ಣತೆಯಲ್ಲಿದೆ. ಸೂರ್ಯನಂಥ ತಾರೆಯ ಬಣ್ಣವನ್ನು ಅಳೆದು ಅದರ ಉಷ್ಣತೆಯನ್ನು ಹೇಳಬಹುದು. ಆದರೆ ಅಲ್ಲಿನಂಥ ಭಾರಿ ತಾರೆಗಳು ತಮ್ಮ ಬೆಳಕಿನ ಬಹುಪಾಲನ್ನು ಅತಿನೇರಳೆಯಲ್ಲಿ ಹೊರಸೂಸುವುದರಿಂದ, ಕಣ್ಣಿಗೆ ಕಾಣುವ ಬೆಳಕಿನಲ್ಲಿ 30,000 ಕೆಲ್ವಿನ್ ತಾರೆಗೂ 45,000 ಕೆಲ್ವಿನ್ ತಾರೆಗೂ ಬಣ್ಣದ ವ್ಯತ್ಯಾಸ ಅತ್ಯಲ್ಪ. ಅಷ್ಟನ್ನೂ ನಡುವಿನ ಧೂಳು ಮರೆಮಾಡುತ್ತದೆ. ಚಿತ್ರದಲ್ಲಿ ಒಂದೇ ಪ್ರಕಾಶದ ನೀಲಿ ಚುಕ್ಕೆಗಳಾಗಿ ಕಾಣುವ ಇವೆರಡರಲ್ಲಿ ಒಂದು ಇನ್ನೊಂದರ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಹೊರಚೆಲ್ಲುತ್ತಿರಬಹುದು. ಉಷ್ಣತೆ ಏರಿದಂತೆ ಹೀಲಿಯಂ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ, ಆಗ ರೋಹಿತದಲ್ಲಿ 447.1 ನ್ಯಾನೊಮೀಟರ್ ತರಂಗಾಂತರದಲ್ಲಿರುವ ತಟಸ್ಥ ಹೀಲಿಯಂ ರೇಖೆ (ಆ ಪರಮಾಣುಗಳು ಬೆಳಕನ್ನು ಹೀರಿದ್ದರಿಂದ ಮೂಡಿದ ಕಪ್ಪು ಗೆರೆ) ಕ್ಷೀಣಿಸಿ, 454.1 ನ್ಯಾನೊಮೀಟರ್‌ನಲ್ಲಿರುವ ಅಯಾನೀಕೃತ ಹೀಲಿಯಂ ರೇಖೆ ಬಲಗೊಳ್ಳುತ್ತದೆ. ಈ ಎರಡು ರೇಖೆಗಳ ಅನುಪಾತದಿಂದಲೇ ಉಷ್ಣತೆ ತಿಳಿಯುತ್ತದೆ. (ನೀಹಾರಿಕೆಯ ಅನಿಲವೂ ಇದೇ ತಟಸ್ಥ ಹೀಲಿಯಂ ರೇಖೆಯಲ್ಲಿ ಬೆಳಗುವುದರಿಂದ ಅದರ ಪಾಲನ್ನು ಬಹು ಎಚ್ಚರದಿಂದ ಬೇರ್ಪಡಿಸಬೇಕಾಗುತ್ತದೆ.)

ಇನ್ನು ಸಂಖ್ಯೆಯ ಮಾತು. ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್‌ನಲ್ಲಿರುವ ಫ್ಲೇಮ್ಸ್ ಉಪಕರಣವು ದ್ಯುತಿತಂತುಗಳ ಮೂಲಕ ನೂರಕ್ಕೂ ಹೆಚ್ಚು ತಾರೆಗಳ ಬೆಳಕನ್ನು ಒಮ್ಮೆಗೇ ರೋಹಿತದರ್ಶಕಕ್ಕೆ ಒಯ್ಯುತ್ತದೆ. ಸಮೀಕ್ಷೆಯ ತಂಡ ಅವೇ ತಾರೆಗಳನ್ನು ಬೇರೆ ಬೇರೆ ರಾತ್ರಿಗಳಲ್ಲಿ ಮತ್ತೆ ಮತ್ತೆ ನೋಡಿತು. ರೇಖೆಗಳು ಒಮ್ಮೆ ನೀಲಿಯತ್ತ, ಒಮ್ಮೆ ಕೆಂಪಿನತ್ತ ಸರಿದರೆ ಆ ತಾರೆಯನ್ನು ಕಾಣದ ಸಂಗಾತಿಯೊಂದು ಎಳೆದಾಡುತ್ತಿದೆ ಎಂದರ್ಥ. ಹೀಗೆ ಪರಿಶೀಲಿಸಿದ 360 ಓ ವರ್ಗದ (ಅತಿ ಬಿಸಿಯಾದ, ಭಾರಿ) ತಾರೆಗಳಲ್ಲಿ ಶೇ. 35ರಷ್ಟು ಅವಳಿಗಳೆಂದು ನೇರವಾಗಿ ಕಂಡುಬಂದವು. ಕಣ್ತಪ್ಪಿದವುಗಳ ಲೆಕ್ಕ ಹಿಡಿದು 2013ರಲ್ಲಿ ಪ್ರಕಟವಾದ ಅಂದಾಜಿನಂತೆ ಅವುಗಳ ಪಾಲು ಸುಮಾರು ಅರ್ಧ. ಹತ್ತಿಪ್ಪತ್ತು ತಾರೆಗಳಿಂದ ಇಂಥ ಅಂಕಿಯನ್ನು ನಂಬಿಕೆಯಿಂದ ಹೇಳಲಾಗದು. ನನ್ನ ಮಟ್ಟಿಗೆ ಸಮೀಕ್ಷೆಯ ಅತ್ಯಂತ ಬೆಲೆಯುಳ್ಳ ಫಲ ಇದೇ, ಏಕೆಂದರೆ ನಿಕಟ ಸಂಗಾತಿಯುಳ್ಳ ತಾರೆ ತನ್ನ ದ್ರವ್ಯವನ್ನು ಅದಕ್ಕೆ ಕೊಟ್ಟೋ ಅದರಿಂದ ಪಡೆದೋ ಒಂಟಿ ತಾರೆಗಿಂತ ತೀರ ಬೇರೆಯಾಗಿ ಬಾಳಿ ಅಳಿಯುತ್ತದೆ. ವಿಎಫ್‌ಟಿಎಸ್ 243 ಎಂಬ ತಾರೆಯನ್ನೇ ನೋಡಿ: ಸೂರ್ಯನ ಸುಮಾರು 25 ಪಟ್ಟು ದ್ರವ್ಯರಾಶಿಯ ಆ ತಾರೆ 10.4 ದಿನಗಳಿಗೊಮ್ಮೆ ಸುತ್ತುತ್ತಿರುವುದು ಕನಿಷ್ಠ 9 ಸೂರ್ಯರಷ್ಟು ತೂಗುವ, ಎಕ್ಸ್-ಕಿರಣಗಳಲ್ಲೂ ಬೆಳಗದ ಕಪ್ಪುಕುಳಿಯೊಂದಿಗೆ ಎಂದು 2022ರಲ್ಲಿ ತಿಳಿಯಿತು.

ಚಿತ್ರಗಳ ಬಗೆಗಿನ ನಿಮ್ಮ ಅಭಿಮಾನಕ್ಕೆ ಆಧಾರವಿಲ್ಲವೆಂದಲ್ಲ. ನೀಹಾರಿಕೆಯ ನಡುವಿನ ಆರ್136 ಗುಚ್ಛದ ಗರ್ಭದಲ್ಲಿ ತಾರೆಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಅಲ್ಲಿ ದ್ಯುತಿತಂತುಗಳಿಂದ ಒಂದೊಂದನ್ನೇ ಆರಿಸಿಕೊಳ್ಳಲಾಗದು. ಅಲ್ಲಿನ ಆರ್136ಎ1 ತಾರೆಯ ದ್ರವ್ಯರಾಶಿಯನ್ನು 2010ರಲ್ಲಿ ಸೂರ್ಯನ 265 ಪಟ್ಟು ಎಂದು ಅಂದಾಜಿಸಿದ್ದರು. ಅದರ ನೆರೆಯ ತಾರೆಗಳನ್ನು ಬಿಡಿಯಾಗಿ ತೋರಿಸಿದ ಹೆಚ್ಚು ಸ್ಫುಟವಾದ ಚಿತ್ರಗಳು 2022ರಲ್ಲಿ ಬಂದ ಮೇಲೆ ಆ ಅಂದಾಜು 200ರ ಆಸುಪಾಸಿಗೆ ಇಳಿಯಿತು.

— ಸಂಪಾದಕ